ಮೂರು ಆಯಾಮದ ಕ್ಯಾಡ್ ಕಡತವನ್ನು ಚಪ್ಪಟೆ ನಕ್ಷೆಯಾಗಿಸುವ ಬಗೆ

ಕ್ಯಾಡ್‌ನಲ್ಲಿ, ಅಂದರೆ ಗಣಕದಲ್ಲಿ, ಬರೆದ ನಕ್ಷೆ ನೋಡಲು ಸರಿಯಾಗಿದೆ, ಆದರೆ ಎರಡು ಗೆರೆಗಳು ಮೂಲೆಯಲ್ಲಿ ಕೂಡುತ್ತಿಲ್ಲ, ಹ್ಯಾಚ್ (ಆವರಣದೊಳಗೆ ತುಂಬುವ ಗೆರೆವಿನ್ಯಾಸ) ತುಂಬುತ್ತಿಲ್ಲ, ಅಳತೆ ತೆಗೆದರೆ ಒಂದಷ್ಟು ಹೆಚ್ಚೇ ಬರುತ್ತಿದೆ, ಏನು ಮಾಡಬೇಕು ಎಂದು ಕೆಲವು ಓದುಗರು ಕೇಳುತ್ತಾರೆ. ಮೂರು ಆಯಾಮದಲ್ಲಿ ಕಟ್ಟಿದ ಮಾದರಿಯಿಂದ ಮೇಲ್ನೋಟ, ಮುಂಭಾಗದ ನೋಟಗಳನ್ನು ಕಾಗದದ ಮೇಲಿನ ನಕ್ಷೆಯಂತೆ ತೆಗೆಯುವುದು ಹೇಗೆ ಎಂದು ಇನ್ನು ಕೆಲವರು ಕೇಳುತ್ತಾರೆ. ಇಬ್ಬರೂ ತಮ್ಮ ಪ್ರಶ್ನೆಗೆ ಇಡುವ ತಲೆಬರಹ ಮಾತ್ರ ಒಂದೇ: ‘ತ್ರೀಡಿಯನ್ನು ಟೂಡಿ ಮಾಡುವುದು ಹೇಗೆ?’ ವಾಸ್ತವದಲ್ಲಿ ಇವು ಎರಡು ಬೇರೆ ಕೆಲಸಗಳು, ಎರಡಕ್ಕೂ ಬೇರೆ ಬೇರೆ ಕಮಾಂಡ್‌ಗಳಿವೆ. ಮೊದಲನೆಯದಕ್ಕೆ ಬೇಕಾದ ಕಮಾಂಡನ್ನು ಎರಡನೆಯದಕ್ಕೆ ಬಳಸಿ ಕಡತವನ್ನೇ ಕೆಡಿಸಿಕೊಂಡವರು ಬಹಳ ಮಂದಿ ಇರುವುದರಿಂದ, ಎರಡನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ವಿವರಣೆ ಹೆಚ್ಚಾಗಿ ಆಟೋಕ್ಯಾಡ್ ತಂತ್ರಾಂಶವನ್ನು ಕುರಿತದ್ದು. ಕೊನೆಯ ಭಾಗದಲ್ಲಿ ಬೇರೆ ತಂತ್ರಾಂಶಗಳ ಮಾತು ಬರುತ್ತದೆ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಬೇಕು.

ಮೊದಲು ಕೆಲವು ಪದಗಳು

ಎಕ್ಸ್ ಮತ್ತು ವೈ ಎಂದರೆ ಹಾಳೆಯ ಉದ್ದ ಅಗಲದ ದಿಕ್ಕುಗಳು. ಝಡ್ ಎಂದರೆ ಹಾಳೆಯಿಂದ ಮೇಲಕ್ಕೆದ್ದು ನಮ್ಮ ಕಡೆ ಬರುವ ದಿಕ್ಕು. ಚಪ್ಪಟೆ ನಕ್ಷೆ ಎಂದರೆ ಎಲ್ಲ ಬಿಂದುಗಳ ಝಡ್ ಬೆಲೆಯೂ ಸೊನ್ನೆಯಾಗಿರುವ ನಕ್ಷೆ. ಯುಸಿಎಸ್ ಎಂದರೆ ಈ ಮೂರು ಅಕ್ಷಗಳನ್ನು ನಮಗೆ ಬೇಕಾದಂತೆ ತಿರುಗಿಸಿ ಇಟ್ಟುಕೊಳ್ಳುವ ವ್ಯವಸ್ಥೆ. ಅದರ ಮೂಲ ಸ್ಥಿತಿಗೆ ವರ್ಲ್ಡ್ ಎಂದು ಹೆಸರು. ಸಾಲಿಡ್ ಎಂದರೆ ಒಳಗೆ ತುಂಬಿದ ಘನವಸ್ತು. ಎಲಿವೇಷನ್ ಎಂಬ ಪದದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಕಟ್ಟಡದ ನಕ್ಷೆ ಬರೆಯುವವರಿಗೆ ಅದು ಮುಂಭಾಗದ ನೋಟ, ಸರ್ವೆ ಮಾಡುವವರಿಗೆ ಸಮುದ್ರಮಟ್ಟದಿಂದ ಎತ್ತರ, ಆಟೋಕ್ಯಾಡ್‌ನ ಗುಣಪಟ್ಟಿಯಲ್ಲಿ ಝಡ್ ಬೆಲೆ. ಈ ಲೇಖನದಲ್ಲಿ ಅದನ್ನು ಮೂರನೆಯ ಅರ್ಥದಲ್ಲಿ ಮಾತ್ರ ಬಳಸಿದ್ದೇನೆ.

ಹಂತ 1: ಕಡತದ ಪ್ರತಿ ಮಾಡಿ, ಆಮೇಲೆ ರೋಗ ಪತ್ತೆ ಹಚ್ಚಿ

ಝಡ್ ಬೆಲೆಯೂ ಒಂದು ಮಾಹಿತಿ. ಒಮ್ಮೆ ಅಳಿಸಿ ಕಡತವನ್ನು ಉಳಿಸಿಬಿಟ್ಟರೆ ಅದು ಮರಳಿ ಬರುವುದಿಲ್ಲ. ಬೆಂಗಳೂರಿನ ಒಂದು ನಿವೇಶನವನ್ನು ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣದಿಂದ ಸರ್ವೆ ಮಾಡಿಸಿದರೆ ಬರುವ ಕಡತದಲ್ಲಿ ಪ್ರತಿ ಬಿಂದುವಿಗೂ 900 ಮೀಟರ್ ಆಸುಪಾಸಿನ ಝಡ್ ಬೆಲೆ ಇರುವುದು ಸಹಜ, ಏಕೆಂದರೆ ಊರೇ ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿದೆ. ಸಮಾನ ಎತ್ತರದ ಬಿಂದುಗಳನ್ನು ಸೇರಿಸುವ ಕಾಂಟೂರ್ ಗೆರೆಗಳಿಗೆ ಆ ಬೆಲೆಯೇ ಜೀವಾಳ. ಅದನ್ನು ಸೊನ್ನೆ ಮಾಡಿದ ಮೇಲೆ, ಮಳೆನೀರು ಯಾವ ಕಡೆ ಹರಿಯುತ್ತದೆ ಎಂದು ಆ ಗೆರೆಗಳು ಹೇಳಲಾರವು. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ, ಬೇರೆ ಹೆಸರಿನಲ್ಲಿ ಉಳಿಸಿದ ಪ್ರತಿಯ ಮೇಲೆಯೇ ಮುಂದಿನ ಎಲ್ಲ ಕೆಲಸವನ್ನೂ ಮಾಡಿ.

ಈಗ ಪರೀಕ್ಷೆ. ಕಡತವನ್ನು ತೆರೆದು ಫ್ರಂಟ್ ನೋಟಕ್ಕೆ ಹೋಗಿ. ಇಡೀ ನಕ್ಷೆ ಒಂದೇ ಅಡ್ಡಗೆರೆಯಂತೆ ಕಂಡರೆ ಅದು ಚಪ್ಪಟೆಯಾಗಿಯೇ ಇದೆ. ನಿಮ್ಮ ಸಮಸ್ಯೆಯ ಕಾರಣ ಬೇರೆ ಎಲ್ಲೋ ಇದೆ. ಕೆಲವು ಗೆರೆಗಳು ಮೇಲೆ ಕೆಳಗೆ ಚದರಿಕೊಂಡಿದ್ದರೆ ಅಥವಾ ಓರೆಯಾಗಿ ಏರುತ್ತಿದ್ದರೆ, ಅದು ಎರಡು ಆಯಾಮದ ನಕ್ಷೆಯೊಳಗೆ ಝಡ್ ನುಸುಳಿಕೊಂಡ ಪ್ರಸಂಗ. ಅಂಥವರು 2ರಿಂದ 4ರವರೆಗಿನ ಹಂತಗಳನ್ನು ಅನುಸರಿಸಬೇಕು. ಗೋಡೆ, ಕಂಬ, ಯಂತ್ರದ ಬಿಡಿಭಾಗ ಮುಂತಾದವು ಘನವಸ್ತುಗಳಾಗಿಯೇ ಕಂಡರೆ ನೇರವಾಗಿ 5ನೆಯ ಹಂತಕ್ಕೆ ಹೋಗಬಹುದು.

ಸಂಶಯವಿದ್ದರೆ ಟಾಪ್ ನೋಟಕ್ಕೆ ಮರಳಿ, ಲಿಸ್ಟ್ ಕಮಾಂಡ್ ಕೊಟ್ಟು ಒಂದು ವಸ್ತುವನ್ನು ಆರಿಸಿ. ಅದು ಗೆರೆಯೋ, ಪಾಲಿಲೈನೋ (ಹಲವು ತುಂಡುಗಳು ಸೇರಿ ಒಂದೇ ಆದ ಗೆರೆ), ಸಾಲಿಡ್ಡೋ ಎಂಬುದನ್ನೂ ಅದರ ಝಡ್ ಬೆಲೆಯನ್ನೂ ತಂತ್ರಾಂಶವೇ ಹೇಳುತ್ತದೆ. ಡಿಸ್ಟ್ ಕಮಾಂಡಿನಿಂದ ಎರಡು ತುದಿಗಳ ಅಂತರ ತೆಗೆದಾಗ ಬರುವ ಉತ್ತರದಲ್ಲಿ ಡೆಲ್ಟಾ ಝಡ್ ಎಂಬ ಅಂಕಿಯನ್ನು ಗಮನಿಸಿ. ಅದು ಸೊನ್ನೆಯಲ್ಲದಿದ್ದರೆ ನೀವು ಪಡೆದ ಅಂತರ ನೆಲದ ಮೇಲಿನ ಅಂತರವಲ್ಲ. ನೆಲದ ಮೇಲೆ 10 ಮೀಟರ್ ಇರುವ ಗೋಡೆಯ ಒಂದು ತುದಿ ಅರ್ಧ ಮೀಟರ್ ಮೇಲಿದ್ದರೆ ಉದ್ದ 10.012 ಮೀಟರ್ ಎಂದು ಬರುತ್ತದೆ. 12 ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ, ಬಿಟ್ಟುಬಿಡುವಷ್ಟು ಚಿಕ್ಕದೂ ಅಲ್ಲ. ಇಂಥ ತಪ್ಪುಗಳು ಬಹುಕಾಲ ಅಡಗಿರುವುದು ಈ ಕಾರಣದಿಂದಲೇ.

ಹಂತ 2: ನೆಲ ಸಿದ್ಧಪಡಿಸಿಕೊಳ್ಳಿ

ಯುಸಿಎಸ್ ಕಮಾಂಡ್ ಕೊಟ್ಟು ವರ್ಲ್ಡ್ ಆರಿಸಿ. ಅನಂತರ ಪ್ಲಾನ್ ಕಮಾಂಡ್ ಕೊಟ್ಟು ಅಲ್ಲಿಯೂ ವರ್ಲ್ಡ್ ಎಂದು ಹೇಳಿ, ನಕ್ಷೆಯನ್ನು ನೇರವಾಗಿ ಮೇಲಿನಿಂದ ನೋಡುವ ಸ್ಥಿತಿಗೆ ತನ್ನಿ. ಇದನ್ನು ಬಿಟ್ಟವರೇ ಹೆಚ್ಚು ಕಷ್ಟಕ್ಕೆ ಸಿಲುಕುತ್ತಾರೆ. ಮುಂದೆ ಬರುವ ಫ್ಲಾಟನ್ ಕಮಾಂಡ್ ವಸ್ತುಗಳನ್ನು ಚಪ್ಪಟೆ ಮಾಡುವುದು ನೀವು ಆ ಹೊತ್ತಿಗೆ ನೋಡುತ್ತಿರುವ ದಿಕ್ಕಿಗೆ ಎದುರಾಗಿರುವ ತಳದ ಮೇಲೆ. ನೋಟ ಸ್ವಲ್ಪ ಓರೆಯಾಗಿದ್ದರೂ ಚೌಕದ ಕೋಣೆ ವಜ್ರಾಕೃತಿಗೆ ತಿರುಗಿಬಿಡುತ್ತದೆ.

ಎರಡನೆಯದಾಗಿ, ಬೀಗ ಹಾಕಿದ ಲೇಯರ್‌ಗಳನ್ನು ತೆರೆದು, ಫ್ರೀಜ್ ಮಾಡಿದ (ಮರೆಮಾಡಿದ) ಲೇಯರ್‌ಗಳನ್ನು ಥಾ ಮಾಡಿ (ಮತ್ತೆ ಕಾಣಿಸಿ). ಲೇಯರ್ ಎಂದರೆ ನಕ್ಷೆಯನ್ನು ವಿಂಗಡಿಸಿಡುವ ಪಾರದರ್ಶಕ ಪದರ. ಎಲ್ಲವನ್ನೂ ಆರಿಸು ಎಂದು ನೀವು ಹೇಳಿದರೂ ಫ್ರೀಜ್ ಆದ, ಬೀಗ ಹಾಕಿದ ಪದರಗಳ ವಸ್ತುಗಳನ್ನು ಆಟೋಕ್ಯಾಡ್ ಆರಿಸುವುದಿಲ್ಲ. ಆ ಪದರಗಳನ್ನು ವಾರ ಬಿಟ್ಟು ಯಾರಾದರೂ ತೆರೆದಾಗ ಹಳೆಯ ಝಡ್ ಬೆಲೆಗಳು ಹಾಗೆಯೇ ಕಾದಿರುತ್ತವೆ.

ಎಕ್ಸ್‌ರೆಫ್, ಅಂದರೆ ಹೊರಗಿನ ಕಡತವನ್ನು ಕೊಂಡಿಯಂತೆ ಜೋಡಿಸಿಕೊಂಡದ್ದು ಇದ್ದರೆ, ಅದನ್ನು ಈ ಕಡತದಿಂದ ಚಪ್ಪಟೆ ಮಾಡಲಾಗುವುದಿಲ್ಲ. ಅದರ ಮೂಲ ಕಡತವನ್ನೇ ತೆರೆದು ಸರಿಪಡಿಸಬೇಕು, ಇಲ್ಲವೇ ಬೈಂಡ್ ಮಾಡಿ ಒಳಗೆ ತಂದುಕೊಳ್ಳಬೇಕು. ಸಿವಿಲ್ ತ್ರೀಡಿ ಅಥವಾ ಆಟೋಕ್ಯಾಡ್ ಆರ್ಕಿಟೆಕ್ಚರ್‌ನಿಂದ ಬಂದ ಕಡತವಾದರೆ ಅದರ ವಿಶೇಷ ವಸ್ತುಗಳು ಸಾಮಾನ್ಯ ಆಟೋಕ್ಯಾಡ್‌ಗೆ ಅರ್ಥವಾಗುವುದಿಲ್ಲ. ಕಳುಹಿಸಿದವರಿಗೆ ಎಕ್ಸ್‌ಪೋರ್ಟ್ ಟು ಆಟೋಕ್ಯಾಡ್ ಎಂಬ ಕಮಾಂಡ್ ಬಳಸಿ ಮತ್ತೆ ಕಳುಹಿಸಲು ಹೇಳುವುದು ಎಲ್ಲಕ್ಕಿಂತ ಸುಲಭದ ದಾರಿ.

ಹಂತ 3: ಝಡ್ ಬೆಲೆಯನ್ನು ಸೊನ್ನೆ ಮಾಡಿ

ಇದಕ್ಕೆ ಮೂರು ದಾರಿಗಳಿವೆ. ಮೃದುವಾದದ್ದರಿಂದ ಆರಂಭಿಸಿ, ಅದು ಸಾಲದಿದ್ದಾಗ ಮಾತ್ರ ಮುಂದಿನದಕ್ಕೆ ಹೋಗಿ ಎಂಬುದು ನನ್ನ ಸಲಹೆ.

ಮೊದಲನೆಯದು ಗುಣಪಟ್ಟಿಯ ದಾರಿ. ಕಂಟ್ರೋಲ್ ಮತ್ತು 1 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪ್ರಾಪರ್ಟೀಸ್ ಫಲಕ ತೆರೆಯುತ್ತದೆ. ಎಲ್ಲವನ್ನೂ ಆರಿಸಿ, ಫಲಕದ ಮೇಲಿರುವ ಪಟ್ಟಿಯಿಂದ ಒಂದೊಂದೇ ಜಾತಿಯ ವಸ್ತುವನ್ನು ತೆಗೆದುಕೊಳ್ಳಿ. ಗೆರೆಗಳಾದರೆ ಸ್ಟಾರ್ಟ್ ಝಡ್ ಮತ್ತು ಎಂಡ್ ಝಡ್, ವೃತ್ತಗಳಾದರೆ ಸೆಂಟರ್ ಝಡ್, ಪಾಲಿಲೈನ್‌ಗಳಾದರೆ ಎಲಿವೇಷನ್, ಬ್ಲಾಕ್ (ಬಾಗಿಲು, ಕಿಟಕಿ, ಮೇಜುಗಳಂತೆ ಒಮ್ಮೆ ಬರೆದು ಹಲವು ಕಡೆ ಇಡುವ ಗೆರೆಗಳ ಕಟ್ಟು) ಮತ್ತು ಅಕ್ಷರಗಳಾದರೆ ಪೊಸಿಷನ್ ಝಡ್ ಎಂಬ ಮನೆಗಳಲ್ಲಿ ಸೊನ್ನೆ ತುಂಬಿ. ಮನೆಯಲ್ಲಿ ವೇರೀಸ್ ಎಂದು ಕಂಡರೆ ಆರಿಸಿದ ವಸ್ತುಗಳ ಬೆಲೆ ಒಂದೇ ಆಗಿಲ್ಲ ಎಂದರ್ಥ. ಅದರ ಮೇಲೆಯೇ ಸೊನ್ನೆ ಬರೆಯಬಹುದು. ಈ ದಾರಿ ನಿಧಾನ ನಿಜ, ಆದರೆ ಏನು ಬದಲಾಯಿತು ಎಂಬುದು ನಿಮಗೆ ಪೂರ್ತಿ ತಿಳಿದಿರುತ್ತದೆ, ಅಕ್ಷರ ಮತ್ತು ಬ್ಲಾಕ್‌ಗಳು ಕೆಡುವುದಿಲ್ಲ. ಸಾಮಾನ್ಯ ಮನೆಯ ನಕ್ಷೆಗೆ ಐದು ಹತ್ತು ನಿಮಿಷ ಸಾಕು. ಥಿಕ್‌ನೆಸ್ ಎಂಬ ಮನೆಯನ್ನೂ ಅದೇ ಸಮಯದಲ್ಲಿ ಸೊನ್ನೆ ಮಾಡಿ. ಗೆರೆಯನ್ನು ಝಡ್ ದಿಕ್ಕಿನಲ್ಲಿ ಗೋಡೆಯಂತೆ ಎಬ್ಬಿಸುವುದು ಅದೇ.

ಎರಡನೆಯದು ಫ್ಲಾಟನ್. ಇದು ಎಕ್ಸ್‌ಪ್ರೆಸ್ ಟೂಲ್ಸ್ ಎಂಬ ಹೆಚ್ಚುವರಿ ಕಮಾಂಡ್‌ಗಳ ಗುಂಪಿಗೆ ಸೇರಿದ್ದು. ಅನುಸ್ಥಾಪಿಸುವಾಗ ಆ ಗುಂಪನ್ನು ಬಿಟ್ಟಿದ್ದರೆ ಕಮಾಂಡ್ ಸಿಗುವುದಿಲ್ಲ, ಆಟೋಕ್ಯಾಡ್‌ನ ಕಡಿಮೆ ಸೌಲಭ್ಯದ ಎಲ್‌ಟಿ ಆವೃತ್ತಿಯವರು ಇದನ್ನು ನಂಬಿ ಕೂರುವಂತಿಲ್ಲ. ಕಮಾಂಡ್ ಕೊಟ್ಟು, ವಸ್ತುಗಳನ್ನು ಆರಿಸಿ ಎಂಟರ್ ಒತ್ತಿದಾಗ, ಮರೆಯಾದ ಗೆರೆಗಳನ್ನು ತೆಗೆದುಹಾಕಬೇಕೆ ಎಂದು ಕೇಳುತ್ತದೆ. ಝಡ್ ನುಸುಳಿದ ನಕ್ಷೆಗೆ ನೋ ಎಂದೇ ಉತ್ತರಿಸಿ. ಯೆಸ್ ಎಂದರೆ ಒಂದರ ಹಿಂದೆ ಒಂದಿರುವ ಗೆರೆಗಳಲ್ಲಿ ನಿಮಗೆ ಬೇಕಾದವೂ ಹೋಗಬಹುದು, ದೊಡ್ಡ ಕಡತದಲ್ಲಿ ಬಹಳ ಹೊತ್ತು ಹಿಡಿಯಲೂಬಹುದು. ಮೂರು ಆಯಾಮದ ಪಾಲಿಲೈನ್, ಓರೆಯಾಗಿ ನಿಂತ ವೃತ್ತ ಮುಂತಾದ, ಗುಣಪಟ್ಟಿಯಲ್ಲಿ ಬಗ್ಗದ ವಸ್ತುಗಳಿಗೆ ಈ ಕಮಾಂಡ್ ಒಳ್ಳೆಯದು. ಆದರೆ ಹ್ಯಾಚ್, ಅಳತೆಗೆರೆ, ಒಳಗೆ ಅಕ್ಷರ ತುಂಬುವ ಮನೆಗಳಿರುವ (ಆಟ್ರಿಬ್ಯೂಟ್) ಬ್ಲಾಕ್‌ಗಳನ್ನು ಇದರ ಕೈಗೆ ಕೊಡುವ ಮುನ್ನ ಒಂದೆರಡರ ಮೇಲೆ ಪ್ರಯೋಗಿಸಿ ನೋಡಿ. ನಾನಂತೂ ಅವನ್ನು ಬೇರೆಯಾಗಿಟ್ಟು ಗುಣಪಟ್ಟಿಯ ದಾರಿಯಲ್ಲೇ ಸರಿಪಡಿಸುತ್ತೇನೆ.

ಮೂರನೆಯದು ಹಳಬರೆಲ್ಲ ಬಲ್ಲ ಒಂದು ಉಪಾಯ. ಮೂವ್ ಕಮಾಂಡ್ ಕೊಟ್ಟು ಎಲ್ಲವನ್ನೂ ಆರಿಸಿ. ಬೇಸ್ ಪಾಯಿಂಟ್ ಕೇಳಿದಾಗ 0,0,1ಇ99 ಎಂದು ಟೈಪ್ ಮಾಡಿ. ಇಲ್ಲಿ ‘ಇ’ ಎಂಬುದು ಇಂಗ್ಲಿಷ್ ಅಕ್ಷರ, ಒಟ್ಟು ಅರ್ಥ ಒಂದರ ಮುಂದೆ 99 ಸೊನ್ನೆಗಳು. ಎಂಟರನ್ನು ಎರಡು ಬಾರಿ ಒತ್ತಿ. ಮತ್ತೆ ಮೂವ್ ಕೊಟ್ಟು, ಪ್ರೀವಿಯಸ್ ಎಂದು ಅದೇ ವಸ್ತುಗಳನ್ನು ಆರಿಸಿ, 0,0,-1ಇ99 ಎಂದು ಕೊಟ್ಟು ಹಾಗೆಯೇ ಮುಗಿಸಿ. ನಕ್ಷೆ ಆಕಾಶಕ್ಕೆ ಹೋಗಿ ಮರಳಿ ಬಂದಂತೆ, ಆದರೆ ಬರುವಾಗ ಝಡ್ ಬೆಲೆ ಸೊನ್ನೆಯಾಗಿರುತ್ತದೆ. ಇದರಲ್ಲಿ ಮಾಯಾಜಾಲವೇನೂ ಇಲ್ಲ: ಆಟೋಕ್ಯಾಡ್ ಒಂದು ಸಂಖ್ಯೆಯಲ್ಲಿ ಸುಮಾರು 15–16 ಅಂಕಿಗಳನ್ನಷ್ಟೇ ನೆನಪಿಡುತ್ತದೆ, ಅಷ್ಟು ದೊಡ್ಡ ಸಂಖ್ಯೆಗೆ 912.45 ಕೂಡಿಸಿದರೆ ಆ 912.45 ಕೊನೆಯ ಅಂಕಿಗಳಲ್ಲೆಲ್ಲೋ ಕಳೆದುಹೋಗುತ್ತದೆ, ಹಿಂದಕ್ಕೆ ಕಳೆದಾಗ ಉಳಿಯುವುದು ಸೊನ್ನೆ ಮಾತ್ರ. ಎಲ್‌ಟಿ ಆವೃತ್ತಿಯಲ್ಲೂ ಇದು ನಡೆಯುತ್ತದೆ. ಆದರೆ ಓರೆಯಾಗಿ ನಿಂತ ವೃತ್ತ ಮತ್ತು ಕಮಾನುಗಳನ್ನು ಇದು ಸರಿಪಡಿಸದು, ಬ್ಲಾಕ್‌ನ ಒಳಗಿರುವ ಗೆರೆಗಳನ್ನು ಮುಟ್ಟದು. ಸಾಲಿಡ್‌ಗಳ ಮೇಲೆ ಇದನ್ನು ಎಂದೂ ಪ್ರಯೋಗಿಸಬೇಡಿ.

ಬ್ಲಾಕ್‌ಗಳ ಒಳಗಿನ ಝಡ್ ಮೂರೂ ದಾರಿಗಳಲ್ಲಿ ತಪ್ಪಿಸಿಕೊಳ್ಳಬಲ್ಲ ಕಳ್ಳ. ಬ್ಲಾಕ್ ಇಟ್ಟ ಜಾಗದ ಝಡ್ ಸೊನ್ನೆಯಾಗಿದ್ದರೂ ಒಳಗಿನ ಗೆರೆಗಳು ಮೇಲೆ ತೇಲುತ್ತಿರಬಹುದು. ಬಿಎಡಿಟ್ ಕಮಾಂಡಿನಿಂದ ಬ್ಲಾಕ್ ತೆರೆದು ಒಳಗೂ ಅದೇ ಕ್ರಮ ಅನುಸರಿಸಬೇಕು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಪೀಠೋಪಕರಣ, ಮರಗಿಡಗಳ ಬ್ಲಾಕ್‌ಗಳ ಮೇಲೆ ಮೊದಲು ಸಂಶಯಪಡಿ.

ಹಂತ 4: ಸ್ವಚ್ಛಗೊಳಿಸಿ, ಮತ್ತೆ ಪರೀಕ್ಷಿಸಿ

ಚಪ್ಪಟೆಯಾದಾಗ ಮೇಲೊಂದು ಕೆಳಗೊಂದು ಇದ್ದ ಗೆರೆಗಳು ಒಂದೇ ಜಾಗಕ್ಕೆ ಬೀಳುತ್ತವೆ. ಓವರ್‌ಕಿಲ್ ಕಮಾಂಡ್ ಈ ನಕಲು ಗೆರೆಗಳನ್ನು ತೆಗೆದುಹಾಕುತ್ತದೆ. ಆಡಿಟ್ ಮತ್ತು ಪರ್ಜ್ ಕೊಟ್ಟು ಕಡತದ ದೋಷಗಳನ್ನೂ ಬಳಕೆಯಲ್ಲಿಲ್ಲದ ಬ್ಲಾಕ್, ಲೇಯರ್‌ಗಳನ್ನೂ ನಿವಾರಿಸಿ. ಫ್ರಂಟ್ ನೋಟಕ್ಕೆ ಹೋಗಿ, ಎಲ್ಲವೂ ಒಂದೇ ಗೆರೆಯಾಗಿ ಕಾಣುತ್ತಿದೆಯೇ ನೋಡಿ. ಎಲ್ಲೋ ಒಂದು ಚುಕ್ಕೆ ಉಳಿದಿದ್ದರೆ ಅದೇ ನೋಟದಲ್ಲಿ ಅದರ ಸುತ್ತ ಮೌಸ್‌ನಿಂದ ಚೌಕ ಎಳೆದು ಆರಿಸಿ, ಯುಸಿಎಸ್ ವರ್ಲ್ಡ್ ಆಗಿದೆಯೇ ನೋಡಿಕೊಂಡು ಸರಿಪಡಿಸುವುದು ಬಹಳ ಸುಲಭ.

ಮುಂದೆ ಹೀಗಾಗದಂತೆ ಓಸ್ನ್ಯಾಪ್‌ಝಡ್ ಎಂಬ ವೇರಿಯಬಲ್‌ಗೆ (ತಂತ್ರಾಂಶದ ಒಂದು ಸೆಟ್ಟಿಂಗ್) 1 ಎಂದು ಕೊಡಿ. ಆಗ ನೀವು ಮೇಲೆ ತೇಲುತ್ತಿರುವ ತುದಿಯನ್ನು ಹಿಡಿದರೂ ಹೊಸ ಗೆರೆ ತನ್ನ ತಳದಲ್ಲೇ ಉಳಿಯುತ್ತದೆ. ಅಳತೆಗಳನ್ನು ಹಾಕುವುದು ಚಪ್ಪಟೆ ಮಾಡಿದ ನಂತರವೇ.

ಹಂತ 5: ಘನ ಮಾದರಿಯಿಂದ ನೋಟ ತೆಗೆಯುವುದು

ಈಗ ಎರಡನೆಯ ಪ್ರಶ್ನೆ. ಇಲ್ಲಿ ಮಾದರಿಯನ್ನು ಚಪ್ಪಟೆ ಮಾಡಬಾರದು. ಅದನ್ನು ಹಾಗೆಯೇ ಇಟ್ಟುಕೊಂಡು ಅದರ ನೆರಳನ್ನು ಒಂದು ತಳದ ಮೇಲೆ ಬೀಳಿಸಬೇಕು. ಇದಕ್ಕೆ ಪ್ರಕ್ಷೇಪ ಎನ್ನುತ್ತಾರೆ.

ಒಂದೆರಡು ನೋಟಗಳು ಸಾಕೆಂದಾದರೆ ಫ್ಲಾಟ್‌ಶಾಟ್ ಕಮಾಂಡ್ ಇದೆ. ಬೇಡದ ಘನವಸ್ತುಗಳಿರುವ ಲೇಯರ್‌ಗಳನ್ನು ಮೊದಲು ಫ್ರೀಜ್ ಮಾಡಿ, ಏಕೆಂದರೆ ಈ ಕಮಾಂಡ್ ಆಯ್ಕೆ ಕೇಳುವುದಿಲ್ಲ, ಕಾಣುವ ಸಾಲಿಡ್, ಸರ್ಫೇಸ್ (ದಪ್ಪವಿಲ್ಲದ ಮೈ), ಮೆಶ್ (ಬಲೆಯಂತೆ ಹೆಣೆದ ಮೈ) ಇವನ್ನೆಲ್ಲ ಹಿಡಿದುಬಿಡುತ್ತದೆ; ಬರಿಯ ಗೆರೆಗಳನ್ನು ಹಿಡಿಯುವುದಿಲ್ಲ. ಬೇಕಾದ ನೋಟಕ್ಕೆ ಹೋಗಿ, ಪ್ಯಾರಲಲ್ ಪ್ರೊಜೆಕ್ಷನ್ ಇದೆಯೇ ಖಚಿತಪಡಿಸಿಕೊಳ್ಳಿ. ಪರ್ಸ್‌ಪೆಕ್ಟಿವ್ ಎಂದರೆ ದೂರದ್ದು ಚಿಕ್ಕದಾಗಿ ಕಾಣುವ ನೋಟ. ಅದರಿಂದ ಅಳತೆಯ ನಕ್ಷೆ ಬರಲಾರದು. ಕಮಾಂಡ್ ಕೊಟ್ಟಾಗ ತೆರೆಯುವ ಫಲಕದಲ್ಲಿ, ಎದುರಿಗೆ ಕಾಣುವ ಗೆರೆಗಳಿಗೆ ಒಂದು ಬಣ್ಣ, ಮರೆಯಲ್ಲಿರುವ ಗೆರೆಗಳಿಗೆ ಬೇರೆ ಬಣ್ಣ ಮತ್ತು ತುಂಡುಗೆರೆಯ ಶೈಲಿ ಆರಿಸಬಹುದು. ಟ್ಯಾಂಜೆನ್ಷಿಯಲ್ ಎಡ್ಜಸ್ ಎಂಬ ಗುರುತು, ಬಾಗಿದ ಮೈ ಚಪ್ಪಟೆ ಮೈಯೊಡನೆ ನಯವಾಗಿ ಸೇರುವ ಜಾಗದಲ್ಲಿ ಗೆರೆ ಬೇಕೋ ಬೇಡವೋ ಎಂಬುದಕ್ಕೆ. ಯಂತ್ರಭಾಗಗಳಿಗೆ ಅದನ್ನು ತೆಗೆದರೆ ನಕ್ಷೆ ತಿಳಿಯಾಗುತ್ತದೆ.

ಫ್ಲಾಟ್‌ಶಾಟ್ ಮಾಡಿದೆ, ಏನೂ ಬರಲಿಲ್ಲ ಎಂಬ ದೂರಿನ ಕಾರಣ ಬಹುತೇಕ ಇದು: ಬಂದ ನಕ್ಷೆ ಯುಸಿಎಸ್‌ನ ಎಕ್ಸ್-ವೈ ತಳದ ಮೇಲೆ ಬ್ಲಾಕ್ ಆಗಿ ಮಲಗುತ್ತದೆ. ನೀವು ಮುಂಭಾಗದ ನೋಟದಲ್ಲಿದ್ದು ಯುಸಿಎಸ್ ವರ್ಲ್ಡ್ ಆಗಿದ್ದರೆ, ನೆಲದ ಮೇಲೆ ಮಲಗಿದ ನಕ್ಷೆಯನ್ನು ಪಕ್ಕದಿಂದ ನೋಡುತ್ತಿದ್ದೀರಿ; ಒಂದು ಗೆರೆಯಷ್ಟೇ ಕಂಡೀತು. ಟಾಪ್ ನೋಟಕ್ಕೆ ಹೋದರೆ ಪೂರ್ತಿ ಕಾಣುತ್ತದೆ. ಇನ್ನೊಂದು ಮಗ್ಗುಲೂ ಇದೆ. ಯುಸಿಎಸ್‌ಆರ್ಥೊ ಎಂಬ ವೇರಿಯಬಲ್ 1 ಆಗಿದ್ದರೆ ಫ್ರಂಟ್ ನೋಟಕ್ಕೆ ಹೋದೊಡನೆ ಯುಸಿಎಸ್ ಕೂಡ ತಿರುಗಿಕೊಳ್ಳುತ್ತದೆ, ಆಗ ನಕ್ಷೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಆದ್ದರಿಂದ ನೋಟ ಬದಲಿಸಿದ ಮೇಲೆ, ಫ್ಲಾಟ್‌ಶಾಟ್‌ಗೆ ಮುನ್ನ, ಯುಸಿಎಸ್ಸನ್ನು ವರ್ಲ್ಡ್‌ಗೆ ತನ್ನಿ. ಈ ಗೋಜೇ ಬೇಡವೆಂದರೆ ಫಲಕದಲ್ಲಿ ಎಕ್ಸ್‌ಪೋರ್ಟ್ ಟು ಎ ಫೈಲ್ ಆರಿಸಿ. ನಕ್ಷೆ ಬೇರೆಯೇ ಕಡತಕ್ಕೆ ಹೋಗುತ್ತದೆ.

ಫ್ಲಾಟ್‌ಶಾಟ್‌ನ ಮಿತಿಯೆಂದರೆ ಮಾದರಿ ಬದಲಾದರೆ ನಕ್ಷೆ ಬದಲಾಗುವುದಿಲ್ಲ. ತಿದ್ದುಪಡಿಗಳು ಬರುತ್ತಲೇ ಇರುವ ಕೆಲಸಕ್ಕೆ ವ್ಯೂಬೇಸ್ ಕಮಾಂಡ್ ಬಳಸಿ. ಲೇಔಟ್, ಅಂದರೆ ಮುದ್ರಣಕ್ಕೆ ಸಿದ್ಧಪಡಿಸುವ ಹಾಳೆಯ ಮೇಲೆ ಒಂದು ಮೂಲ ನೋಟ ಇಟ್ಟು, ಅದರಿಂದ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಎಳೆಯುತ್ತ ಉಳಿದ ನೋಟಗಳನ್ನು ಪಡೆಯಬಹುದು. ಮಾದರಿ ಬದಲಾದಂತೆ ಅವೂ ಬದಲಾಗುತ್ತವೆ. ಕೊನೆಗೆ ಎಕ್ಸ್‌ಪೋರ್ಟ್‌ಲೇಔಟ್ ಕೊಟ್ಟರೆ ಸಾಮಾನ್ಯ ಎರಡು ಆಯಾಮದ ಕಡತ ಸಿಗುತ್ತದೆ. ನೋಟಗಳನ್ನು ಇಡುವ ಮೊದಲು ಪ್ರಕ್ಷೇಪದ ಕ್ರಮ ನೋಡಿಕೊಳ್ಳಿ. ಫಸ್ಟ್ ಆ್ಯಂಗಲ್ ಕ್ರಮದಲ್ಲಿ ಮೇಲ್ನೋಟವು ಮುಂಭಾಗದ ನೋಟದ ಕೆಳಗೆ ಬರುತ್ತದೆ, ಥರ್ಡ್ ಆ್ಯಂಗಲ್ ಕ್ರಮದಲ್ಲಿ ಮೇಲೆ. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿ ಫಸ್ಟ್ ಆ್ಯಂಗಲನ್ನು ಅನುಸರಿಸುತ್ತದೆ; ಅಮೆರಿಕದ ಗಿರಾಕಿಗಳು ಥರ್ಡ್ ಆ್ಯಂಗಲ್ ಕೇಳುತ್ತಾರೆ. ಇದು ತಿರುಗುಮುರುಗಾದರೆ ಬಲಗಡೆ ಇರಬೇಕಾದ ರಂಧ್ರ ಎಡಗಡೆಗೆ ಹೋದೀತು.

ಹಂತ 6: ಕಟ್ಟಡದ ಪ್ಲಾನ್ ಬೇಕಾದವರಿಗೆ

ಮನೆಯ ಘನ ಮಾದರಿಯನ್ನು ಮೇಲಿನಿಂದ ಪ್ರಕ್ಷೇಪಿಸಿದರೆ ಬರುವುದು ಛಾವಣಿ. ಕೋಣೆಗಳು ಕಾಣುವ ಪ್ಲಾನ್ ಎಂಬುದು ನಿಜವಾಗಿ ಮೇಲ್ನೋಟವಲ್ಲ. ನೆಲದಿಂದ ಸುಮಾರು 1ರಿಂದ 1.2 ಮೀಟರ್ ಎತ್ತರದಲ್ಲಿ, ಕಿಟಕಿಗಳನ್ನು ಹಾಯ್ದು, ಮನೆಯನ್ನು ಅಡ್ಡಲಾಗಿ ಕತ್ತರಿಸಿ ಕೆಳಗೆ ನೋಡಿದ ಛೇದನೋಟ. ಸೆಕ್ಷನ್‌ಪ್ಲೇನ್ ಕಮಾಂಡಿನಿಂದ ಆ ಎತ್ತರದಲ್ಲಿ ಒಂದು ತಳವನ್ನಿಟ್ಟು, ಅದನ್ನು ಆರಿಸಿ ಜನರೇಟ್ ಸೆಕ್ಷನ್‌ನಲ್ಲಿ ಎರಡು ಆಯಾಮದ ಆಯ್ಕೆ ಕೊಟ್ಟರೆ ಗೋಡೆಗಳ ಕತ್ತರಿಸಿದ ಭಾಗ ನಕ್ಷೆಯಾಗಿ ಬರುತ್ತದೆ. ಬಾಗಿಲು ತೆರೆಯುವ ಕಮಾನು, ಮೆಟ್ಟಿಲ ಬಾಣ, ಕೋಣೆಯ ಹೆಸರು ಇವನ್ನೆಲ್ಲ ಕೈಯಿಂದಲೇ ಸೇರಿಸಬೇಕು.

ಓರೆಯಾದದ್ದೆಲ್ಲ ಪ್ಲಾನ್‌ನಲ್ಲಿ ಕುಗ್ಗುತ್ತದೆ ಎಂಬುದನ್ನು ಮರೆಯಬೇಡಿ. 30 ಡಿಗ್ರಿ ಇಳಿಜಾರಿನ ಛಾವಣಿಯಲ್ಲಿ 5 ಮೀಟರ್ ಉದ್ದದ ತೊಲೆ 4.33 ಮೀಟರ್ ಆಗಿ ಕಾಣುತ್ತದೆ. ಹೆಂಚಿನ ಲೆಕ್ಕವನ್ನು ಚಪ್ಪಟೆ ನಕ್ಷೆಯಿಂದ ಹಾಕಿದರೆ ಹೆಂಚು ಸಾಲದೆ ಹೋಗುವುದು ಹೀಗೆ.

ಹಂತ 7: ಬೇರೆ ತಂತ್ರಾಂಶಗಳಲ್ಲಿ

ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿ ಎರಡು ದಾರಿಗಳಿವೆ. ಅಳತೆ, ಶೀರ್ಷಿಕೆ ಸಮೇತ ಪೂರ್ತಿ ಹಾಳೆ ಬೇಕಾದರೆ ಟೆಕ್‌ಡ್ರಾ ವಿಭಾಗ. ಬರಿಯ ಗೆರೆಗಳು ಸಾಕಾದರೆ ಡ್ರಾಫ್ಟ್ ವಿಭಾಗದ ಶೇಪ್ ಟೂಡಿ ವ್ಯೂ. ಎರಡರಿಂದಲೂ ಡಿಎಕ್ಸ್‌ಎಫ್, ಅಂದರೆ ಬಹುತೇಕ ಎಲ್ಲ ತಂತ್ರಾಂಶಗಳೂ ಓದಬಲ್ಲ ವಿನಿಮಯ ಕಡತ, ಹೊರಡಿಸಬಹುದು. ಸ್ಕೆಚಪ್ ಪ್ರೊ ಬಳಸುವವರು ಕ್ಯಾಮೆರಾ ಪಟ್ಟಿಯಲ್ಲಿ ಪ್ಯಾರಲಲ್ ಪ್ರೊಜೆಕ್ಷನ್ ಆರಿಸಿ, ಟಾಪ್ ಅಥವಾ ಫ್ರಂಟ್‌ನಂಥ ನಿಗದಿತ ನೋಟಕ್ಕೆ ಹೋಗಿ, ಆಮೇಲೆ ಎರಡು ಆಯಾಮದ ಎಕ್ಸ್‌ಪೋರ್ಟ್ ಮಾಡಬೇಕು. ಮೊದಲ ಹೆಜ್ಜೆ ತಪ್ಪಿದರೆ ಸ್ಕೇಲ್ ಸಿಗುವುದಿಲ್ಲ.

ತಗಡನ್ನು ಬಾಗಿಸಿ ಮಾಡುವ ಭಾಗಗಳಿಗೆ ಮೇಲಿನ ಯಾವ ದಾರಿಯೂ ಸಲ್ಲದು. ಅಲ್ಲಿ ಬೇಕಾದದ್ದು ನೋಟವಲ್ಲ, ಬಿಚ್ಚಿ ಹರಡಿದ ಆಕಾರ. ಹೊರಗಿನ ಅಳತೆ 50 ಮಿಲಿಮೀಟರ್‌ನ ಎರಡು ತೋಳುಗಳಿರುವ, 2 ಮಿಲಿಮೀಟರ್ ದಪ್ಪದ ಎಲ್ ಆಕಾರದ ಪಟ್ಟಿಯನ್ನು ಮೇಲಿನಿಂದ ನೋಡಿದರೆ 50 ಮಿಲಿಮೀಟರ್ ಕಾಣುತ್ತದೆ. ಒಳಬಾಗಿನ ತ್ರಿಜ್ಯ 2 ಮಿಲಿಮೀಟರ್, ಕೆ-ಫ್ಯಾಕ್ಟರ್ 0.44 ಎಂದಿಟ್ಟುಕೊಂಡರೆ ಕತ್ತರಿಸಬೇಕಾದ ತಗಡಿನ ಉದ್ದ ಸುಮಾರು 96.5 ಮಿಲಿಮೀಟರ್. ಕೆ-ಫ್ಯಾಕ್ಟರ್ ಎಂದರೆ ಬಾಗಿಸುವಾಗ ಹಿಗ್ಗದೆ ಕುಗ್ಗದೆ ಉಳಿಯುವ ಪದರ, ತಗಡಿನ ದಪ್ಪದಲ್ಲಿ ಒಳಮೈಯಿಂದ ಎಷ್ಟು ಭಾಗದಷ್ಟು ದೂರದಲ್ಲಿದೆ ಎಂಬ ಸಂಖ್ಯೆ. ಸಾಲಿಡ್‌ವರ್ಕ್ಸ್ ಮತ್ತು ಫ್ರೀಕ್ಯಾಡ್‌ನ ಶೀಟ್ ಮೆಟಲ್ ಉಪಕರಣಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ. ಕೆ-ಫ್ಯಾಕ್ಟರ್ ಎಷ್ಟೆಂದು ಬಾಗಿಸುವವರನ್ನೇ ಕೇಳಿ ತುಂಬಿ.

ಹಂತ 8: ಕತ್ತರಿಸಲು ಕಳುಹಿಸುವಾಗ

ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಮಾಡುವವರಿಗೆ ಕೊಡುವ ಡಿಎಕ್ಸ್‌ಎಫ್‌ನಲ್ಲಿ ಕತ್ತರಿಸಬೇಕಾದ ಗೆರೆಗಳ ಹೊರತು ಬೇರೇನೂ ಇರಬಾರದು: ಅಳತೆ, ಶೀರ್ಷಿಕೆ, ಮಧ್ಯರೇಖೆ, ಮರೆಯ ಗೆರೆ ಎಲ್ಲವನ್ನೂ ತೆಗೆಯಿರಿ. ಪ್ರತಿ ಆಕಾರವೂ ಮುಚ್ಚಿದ ಪಾಲಿಲೈನ್ ಆಗಿರಲಿ. ನಕಲು ಗೆರೆ ಉಳಿದಿದ್ದರೆ ಯಂತ್ರ ಅದೇ ದಾರಿಯಲ್ಲಿ ಎರಡು ಬಾರಿ ಹೋಗಿ ಅಂಚನ್ನು ಸುಡಬಹುದು. ಸ್ಕೇಲ್ 1:1 ಇರಲಿ. ಮಿಲಿಮೀಟರ್‌ನಲ್ಲಿ ಬರೆದದ್ದನ್ನು ಎದುರಿನವರ ತಂತ್ರಾಂಶ ಇಂಚು ಎಂದು ಓದಿದರೆ ವಸ್ತು 25.4 ಪಟ್ಟು ದೊಡ್ಡದಾಗುತ್ತದೆ, ಆದ್ದರಿಂದ ಯೂನಿಟ್ಸ್ ಕಮಾಂಡಿನಲ್ಲಿ ಮಿಲಿಮೀಟರ್ ಎಂದು ಇಟ್ಟು, ಕಡತದ ಜೊತೆ ಹೋಗುವ ಪತ್ರದಲ್ಲಿ ಭಾಗದ ಒಟ್ಟು ಉದ್ದ ಅಗಲ, ತಗಡಿನ ದಪ್ಪ ಮತ್ತು ಎಷ್ಟು ತುಂಡು ಬೇಕು ಎಂಬುದನ್ನು ಬರೆದು, ಅಳತೆ ಇರುವ ನಕ್ಷೆಯನ್ನು ಪಿಡಿಎಫ್ ಆಗಿ ಬೇರೆಯೇ ಲಗತ್ತಿಸಿ.